ದೊಡ್ಡ ಅಕ್ಷರದ ಸಣ್ಣ ಬುದ್ಧಿ

ಡೇಟಾಬೇಸ್‌ಗೆ ಲಾಗಿನ್ ಆಗ್ತಿಲ್ಲ ಎಂದು ಯಾರಾದರೂ ಕೂಗಿದರೆ ಸಾಕು, ಎಲ್ಲರೂ ಪಾಸ್‌ವರ್ಡ್ ಮೇಲೆ ಗೂಬೆ ಕೂರಿಸುತ್ತಾರೆ. ಎಷ್ಟೋ ಸಲ ಪಾಪ, ಅದು ಸರಿಯಾಗೇ ಇರುತ್ತದೆ.

ನಮ್ಮ ಟೀಮಿಗೆ ಹೊಸದಾಗಿ ಸೇರಿದ ಹುಡುಗನಿಗೆ ಲೀಡ್ ಸಾಹೇಬರು ಮೊಬೈಲಿನಿಂದ ಯೂಸರ್‌ನೇಮ್ ಕಳಿಸಿದರು. ಸಾಲಿನ ಮೊದಲ ಅಕ್ಷರ ಕಂಡರೆ ಮೊಬೈಲ್ ಕೀಬೋರ್ಡಿಗೆ ಎಲ್ಲಿಲ್ಲದ ಭಕ್ತಿ. ಕೇಳದೆಯೇ ಕ್ಯಾಪಿಟಲ್ ಮಾಡಿಬಿಡುತ್ತದೆ. ಹುಡುಗ ಅದನ್ನೇ ಕಾಪಿ ಮಾಡಿ ಹಾಕಿದ. ನಮ್ಮ ಡೇಟಾಬೇಸ್ ಮೈಎಸ್‌ಕ್ಯೂಎಲ್. ಅದು '1045, ಆಕ್ಸೆಸ್ ಡಿನೈಡ್' ಎಂದಿತು, ಅಂದರೆ ಒಳಗೆ ಬಿಡಲ್ಲ ಅಂತ. ಹೆಸರು ತಪ್ಪೋ, ಪಾಸ್‌ವರ್ಡ್ ತಪ್ಪೋ, ಬಾಯಿ ಬಿಡಲ್ಲ. ಕಳ್ಳನಿಗೆ ಸುಳಿವು ಸಿಗಬಾರದು, ಅಲ್ವಾ? ನಮಗೂ ಸಿಗಲಿಲ್ಲ.

ಪಾಸ್‌ವರ್ಡ್ ಬದಲಾಯಿತು. ಮತ್ತೆ ಬದಲಾಯಿತು. ಆಮೇಲೆ ನೆಟ್‌ವರ್ಕಿನ ಕಾವಲುಗಾರ ಫೈರ್‌ವಾಲ್ ನೋಡಿಕೊಳ್ಳುವವರಿಗೆ ಬೈಗುಳ ಹೋಯಿತು. 1045 ಅಂತ ಉತ್ತರ ಬಂದಿದೆ ಅಂದರೆ ಮಾತು ಸರ್ವರ್ ತನಕ ಮುಟ್ಟಿದೆ ಅಂತಲೇ ಲೆಕ್ಕ. ಆದರೆ ಸಿಟ್ಟಿಗೆ ಲಾಜಿಕ್ ಎಲ್ಲಿಂದ ಬರಬೇಕು?

ಮೈಎಸ್‌ಕ್ಯೂಎಲ್ ಅಕೌಂಟ್ ಅಂದರೆ ಯೂಸರ್ ಹೆಸರು, ನಡುವೆ ಆ್ಯಟ್ ಗುರುತು, ಆಮೇಲೆ ಹೋಸ್ಟ್, ಅಂದರೆ ಅವನು ಯಾವ ಮಷಿನ್‌ನಿಂದ ಬರುತ್ತಾನೋ ಅದರ ಹೆಸರು. ಎಡಗಡೆ ಒಂದಕ್ಷರ ದೊಡ್ಡದಾದರೂ ಅವನು ಬೇರೆ ಮನುಷ್ಯ. ಬಲಗಡೆ ಲೋಕಲ್‌ಹೋಸ್ಟ್ (ಅಂದರೆ ಇದೇ ಮಷಿನ್) ಎಂದು ಪೂರ್ತಿ ಕ್ಯಾಪಿಟಲ್‌ನಲ್ಲಿ ಕಿರುಚಿದರೂ 'ಬನ್ನಿ ಬನ್ನಿ' ಎನ್ನುತ್ತದೆ. ಇಂಟರ್ನೆಟ್ಟಿನ ವಿಳಾಸದ ಪುಸ್ತಕ ಡಿಎನ್‌ಎಸ್‌ನಲ್ಲೂ ಅಷ್ಟೇ, ಹೋಸ್ಟ್ ಹೆಸರಿಗೆ ದೊಡ್ಡದು ಚಿಕ್ಕದು ಎಂಬ ಭೇದವಿಲ್ಲ. ಹಾಗಂತ ಹೋಸ್ಟ್ ಪೂರ್ತಿ ಸಾಧು ಅಂದುಕೊಳ್ಳಬೇಡಿ. ಲಿನಕ್ಸ್‌ನಲ್ಲಿ ಲೋಕಲ್‌ಹೋಸ್ಟ್ ಎಂದರೆ ಸುಮ್ನೆ ಸಾಕೆಟ್ ಫೈಲ್ ಎಂಬ ಒಳದಾರಿಯಿಂದ ಒಳಗೆ ಬಿಡುತ್ತದೆ. ಅದನ್ನೇ ನಂಬರಿನಲ್ಲಿ 127.0.0.1 ಎಂದರೆ ನೆಟ್‌ವರ್ಕ್ ಸುತ್ತಿಕೊಂಡು ಬಾ ಎನ್ನುತ್ತದೆ. ಮಷಿನ್ ಅದೇ!

"ಪೋಸ್ಟ್‌ಗ್ರೆಸ್ ಆಗಿದ್ದರೆ ಈ ರಗಳೆ ಇರ್ತಿರಲಿಲ್ಲ ಸರ್" ಎಂದ ಹುಡುಗ, ಇನ್ನೊಂದು ಡೇಟಾಬೇಸ್ ಹೊಗಳುತ್ತಾ. ವಯಸ್ಸು, ಏನು ಮಾಡೋದು. ಹೆಸರಿನ ಸುತ್ತ ಕೋಟ್ (ಉದ್ಧರಣ ಚಿಹ್ನೆ) ಹಾಕದೆ ಕ್ಯಾಪಿಟಲ್ ಅಕ್ಷರದಲ್ಲಿ ಯೂಸರ್ ಮಾಡಿದರೆ ಪೋಸ್ಟ್‌ಗ್ರೆಸ್ ಸದ್ದಿಲ್ಲದೆ ಸ್ಮಾಲ್ ಮಾಡಿ ಇಟ್ಟುಕೊಳ್ಳುತ್ತದೆ. ಆಮೇಲೆ ನೀವು ಅದೇ ಕ್ಯಾಪಿಟಲ್ ಹೆಸರು ಹಿಡಿದು ಲಾಗಿನ್ ಆಗಲು ಹೋದರೆ ಒಳಗೆ ಬಿಡಲ್ಲ. ಒರಾಕಲ್ ಡೇಟಾಬೇಸ್ ಉಲ್ಟಾ. ಕೋಟ್ ಇಲ್ಲದ ಹೆಸರನ್ನೆಲ್ಲ ಕ್ಯಾಪಿಟಲ್ ಮಾಡಿಕೊಳ್ಳುತ್ತದೆ.

ಕೊನೆಗೆ ಯಾರೋ ಯೂಸರ್ ಟೇಬಲ್ ತೆಗೆದು ನೋಡಿದರು. ಅಲ್ಲಿ ಹೆಸರು ಚಿಕ್ಕಕ್ಷರದಲ್ಲಿತ್ತು, ಗುಟ್ಟು ರಟ್ಟಾಯಿತು. ಹುಡುಗ ಒಂದಕ್ಷರ ತಿದ್ದಿಕೊಂಡಿದ್ದರೆ ಮುಗಿಯುತ್ತಿತ್ತು. ಆದರೆ ಸಾಹೇಬರು ಮರ್ಯಾದೆ ಪ್ರಶ್ನೆ ಮಾಡಿಕೊಂಡು, ತಾವು ಕಳಿಸಿದ ಕ್ಯಾಪಿಟಲ್ ಹೆಸರಿನಲ್ಲೇ ಇನ್ನೊಂದು ಅಕೌಂಟ್ ತೆರೆದರು. ಮೈಎಸ್‌ಕ್ಯೂಎಲ್ ಕಮಕ್ ಕಿಮಕ್ ಎನ್ನಲಿಲ್ಲ. ಈಗ ದೊಡ್ಡಕ್ಷರದವನಿಗೆ ಓದಲು ಮಾತ್ರ ಪರ್ಮಿಷನ್. ಚಿಕ್ಕಕ್ಷರದವನು ಬೇಕಾದರೆ ಟೇಬಲ್ಲನ್ನೇ ಅಳಿಸಬಲ್ಲ. "ಯಾವುದರಲ್ಲಿ ಲಾಗಿನ್ ಆಗಿದೀಯಪ್ಪಾ?" ಎಂದು ಫೋನಿನಲ್ಲಿ ಕೇಳಿದರೆ ಹುಡುಗ ಹೆಸರು ಹೇಳುತ್ತಾನೆ. ಕಿವಿಗೆ ಎರಡೂ ಒಂದೇ.