ಸ್ಪಷ್ಟನೆ: ಗಿಯೋಮ್ ಬ್ರಾಂಟ್ ಅವರ ಕಚೇರಿ ಮುಖ್ಯಸ್ಥನಾಗಿರಲಿಲ್ಲ

ಪಶ್ಚಿಮ ಜರ್ಮನಿಯ ಚಾನ್ಸಲರ್ ವಿಲಿ ಬ್ರಾಂಟ್ ಅವರ ಕಚೇರಿಯ ಮುಖ್ಯಸ್ಥನೇ ಪೂರ್ವ ಜರ್ಮನಿಯ ಗೂಢಚಾರನಾಗಿದ್ದನೆಂಬ ಸಂದೇಶವೊಂದು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ಸರಿಯಲ್ಲ. 1974ರ ಏಪ್ರಿಲ್ 24ರಂದು ಬಂಧಿತನಾದ ಗುಂಟರ್ ಗಿಯೋಮ್ ಗೂಢಚಾರನಾಗಿದ್ದುದು ನಿಜ. 1975ರ ಡಿಸೆಂಬರಿನಲ್ಲಿ ಡುಸೆಲ್‌ಡಾರ್ಫ್‌ನ ನ್ಯಾಯಾಲಯ ಅವನಿಗೆ 13 ವರ್ಷಗಳ ಸೆರೆವಾಸ ವಿಧಿಸಿತು. ಆದರೆ ಅವನು ಪಕ್ಷದ ವ್ಯವಹಾರಗಳನ್ನು ನೋಡಿಕೊಳ್ಳುತ್ತಿದ್ದ ಆಪ್ತ ಸಹಾಯಕನಷ್ಟೇ ಆಗಿದ್ದು, ಚಾನ್ಸಲರ್ ಕಚೇರಿಯ ಮುಖ್ಯಸ್ಥರಾಗಿದ್ದವರು 1969ರಿಂದ 1972ರವರೆಗೆ ಹಾರ್ಸ್ಟ್ ಎಮ್ಕೆ, ಅನಂತರ ಹಾರ್ಸ್ಟ್ ಗ್ರಾಬರ್ಟ್ ಎಂಬುದು ಸರ್ಕಾರಿ ದಾಖಲೆಗಳಲ್ಲಿಯೇ ಇದೆ. 1973ರ ಬೇಸಿಗೆಯಲ್ಲಿ ಬ್ರಾಂಟ್ ನಾರ್ವೆಯಲ್ಲಿ ರಜೆಯಲ್ಲಿದ್ದಾಗ ಗೋಪ್ಯ ಟೆಲೆಕ್ಸ್ ಸಂದೇಶಗಳೂ ಗಿಯೋಮ್‌ನ ಕೈಸೇರುತ್ತಿದ್ದುದರಿಂದ ಈ ಗೊಂದಲ ಹುಟ್ಟಿರಬಹುದು. ಹಗರಣದ ಹೊಣೆ ಹೊತ್ತು ಬ್ರಾಂಟ್ 1974ರ ಮೇ ತಿಂಗಳಲ್ಲಿ ರಾಜೀನಾಮೆ ನೀಡಿದರೆಂಬ ಭಾಗವಂತೂ ಸರಿಯಾಗಿಯೇ ಇದೆ. ದಯವಿಟ್ಟು ಆ ಸಂದೇಶವನ್ನು ಇನ್ನು ಯಾರಿಗೂ ಕಳುಹಿಸಬೇಡಿ.