ಕ್ಯಾಮೆರಾ ಬದಲಾಯಿಸಿದೆ, ಜೂಮ್‌ಗಾಗಿ ಅಲ್ಲ

ಕಳೆದ ಚಳಿಗಾಲದ ಒಂದು ಭಾನುವಾರ ಹದಿನಾರು ಕೆರೆಗೆ ಹೋಗಿದ್ದೆ. ನಂಜನಗೂಡು ತಾಲ್ಲೂಕಿನ ಈ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಮಂಗೋಲಿಯಾ ಕಡೆಯಿಂದ ಹಿಮಾಲಯ ದಾಟಿಕೊಂಡು ಬರುವ ಹಕ್ಕಿಗಳು. ಅವತ್ತು ಆಚೆ ದಡದಲ್ಲಿ ಒಂದು ಗುಂಪು ಬಿಸಿಲು ಕಾಯಿಸುತ್ತಾ ಕೂತಿತ್ತು. ಏರಿಯ ಮೇಲೆ ಕೂತು ಇಪ್ಪತ್ತು ನಿಮಿಷ ಅವನ್ನೇ ನೋಡಿದೆ, ಹತ್ತಾರು ಫೋಟೋ ತೆಗೆದೆ, ಖುಷಿಯಾಗಿ ಮನೆಗೆ ಬಂದೆ.

ರಾತ್ರಿ ಫೋಟೋಗಳನ್ನು ಕಂಪ್ಯೂಟರ್‌ಗೆ ಹಾಕಿ ನೋಡಿದರೆ, ಒಂದು ಹೆಬ್ಬಾತಿನ ಕುತ್ತಿಗೆಗೆ ಪಟ್ಟಿ ಇತ್ತು! ಮಂಗೋಲಿಯಾದಲ್ಲಿ ಸಂಶೋಧಕರು ಹಾಕಿ ಬಿಡುವ ಪಟ್ಟಿ ಅದು. ಅದರ ಮೇಲೆ ಒಂದು ಅಕ್ಷರ, ಒಂದೆರಡು ಅಂಕಿ ಇರುತ್ತದೆ. ಅದನ್ನು ಓದಿ ತಿಳಿಸಿದರೆ ಆ ಹಕ್ಕಿಗೆ ಎಲ್ಲಿ, ಯಾವಾಗ ಪಟ್ಟಿ ಹಾಕಿದ್ದರು ಅಂತ ಗೊತ್ತಾಗುತ್ತದೆ. ನನ್ನ ಫೋಟೋದಲ್ಲಿ ಹಕ್ಕಿ ಕುತ್ತಿಗೆ ತಿರುಗಿಸಿಕೊಂಡಿತ್ತು. ಒಂದೇ ಒಂದು ಅಂಕಿಯ ಅರ್ಧ ಭಾಗ ಕಾಣುತ್ತಿತ್ತು, ಅಷ್ಟೇ. ಮರುದಿನ ಸ್ಕೂಲಿಗೆ ರಜೆ ಹಾಕಿ ಮತ್ತೆ ಹೋದೆ. ಗುಂಪು ಅಲ್ಲಿರಲಿಲ್ಲ.

ಅವತ್ತಿನಿಂದ ಒಂದೇ ಯೋಚನೆ. ಹೊಸ ಕ್ಯಾಮೆರಾ ತಗೊಳ್ಳಬೇಕಾ?

ನನ್ನ ಹತ್ತಿರ ಇರುವುದು ನಿಕಾನ್ ಪಿ900. 2015ರಲ್ಲಿ ಬಂದ ಮಾಡೆಲ್. ನಾನು ತಗೊಂಡಿದ್ದು ಮರುವರ್ಷ. 83 ಪಟ್ಟು ಜೂಮ್, ಅಂದರೆ 24ರಿಂದ 2000 ಎಂಎಂವರೆಗೆ ಒಂದೇ ಲೆನ್ಸ್. ಎಂಎಂ ಹೆಚ್ಚಾದಷ್ಟೂ ದೂರದ ಹಕ್ಕಿ ಹತ್ತಿರ ಕಾಣುತ್ತದೆ. ಮೈಸೂರಿನ ಕೆರೆಗಳನ್ನೆಲ್ಲ ಅದನ್ನು ಕುತ್ತಿಗೆಗೆ ಹಾಕಿಕೊಂಡೇ ಸುತ್ತಿದ್ದೇನೆ. ಕುಕ್ಕರಹಳ್ಳಿಯ ಹೆಜ್ಜಾರ್ಲೆ, ಲಿಂಗಾಂಬುಧಿಯ ಮಿಂಚುಳ್ಳಿ, ಕೊಕ್ಕರೆ ಬೆಳ್ಳೂರಿನ ಹುಣಸೆಮರದ ಮೇಲಿನ ಗೂಡುಗಳು, ಎಲ್ಲ ಅದರಲ್ಲೇ. ಲೆನ್ಸ್ ಬದಲಾಯಿಸುವ ಗೋಜಿಲ್ಲ, ಎರಡು ಲಕ್ಷ ಸುರಿಯಬೇಕಿಲ್ಲ. ನಮ್ಮಂಥ ಮೇಷ್ಟ್ರುಗಳಿಗೆ, ಮನೆ ಕೆಲಸ ಮುಗಿಸಿ ಬೆಳಗ್ಗೆ ಒಂದು ಗಂಟೆ ಹಕ್ಕಿ ನೋಡಲು ಹೋಗುವವರಿಗೆ ಹೀಗೆ ಒಂದೇ ಲೆನ್ಸ್ ಕೂರಿಸಿಕೊಂಡು ಬರುವ ಬ್ರಿಡ್ಜ್ ಕ್ಯಾಮೆರಾ ದೊಡ್ಡ ಉಪಕಾರ. ಇದನ್ನು ಮನಸ್ಸಿನಿಂದ ಹೇಳುತ್ತಿದ್ದೇನೆ.

ಯಾರನ್ನು ಕೇಳಿದರೂ ಮೊದಲು ಹೇಳುವುದು ಜೂಮ್ ವಿಷಯ. "ಮೇಡಂ, ಪಿ1000 ತಗೊಳ್ಳಿ, 125 ಪಟ್ಟು!" 2018ರಲ್ಲಿ ಬಂದ ಆ ಕ್ಯಾಮೆರಾ 3000 ಎಂಎಂವರೆಗೆ ಹೋಗುತ್ತದೆ. 2025ರಲ್ಲಿ ಅದರದ್ದೇ ಮುಂದಿನ ಮಾಡೆಲ್ ಪಿ1100 ಬಂತು. ಲೆನ್ಸ್ ಅದೇ, ಚಾರ್ಜಿಂಗ್‌ಗೆ ಯುಎಸ್‌ಬಿ-ಸಿ ಬಂದಿದೆ, ಇನ್ನು ಒಂದಿಷ್ಟು ಸಣ್ಣ ಸುಧಾರಣೆಗಳು. ಒಂದು ಅಂಗಡಿಯಲ್ಲಿ ಕೆಲಸದ ಹುಡುಗ ಅದನ್ನು ಕೈಗೆ ಕೊಟ್ಟು ರಸ್ತೆಯಾಚೆಯ ಬೋರ್ಡಿನ ಅಕ್ಷರ ತೋರಿಸಿದ. ಕಾಣಿಸಿತು, ನಿಜ. ಆದರೆ ಕೆರೆ ಬೇರೆ, ರಸ್ತೆ ಬೇರೆ. ಬಿಸಿಲೇರಿದ ಮೇಲೆ ನೀರಿನ ಮೇಲಿನ ಗಾಳಿ ಕಾದು ಅಲ್ಲಾಡಲು ಶುರುವಾಗುತ್ತದೆ. ಆಗ 2000 ಎಂಎಂನಲ್ಲೇ ಹಕ್ಕಿ ನೀರೊಳಗಿನ ನೆರಳಿನ ಥರ ಕದಲುತ್ತದೆ. 3000ಕ್ಕೆ ಎಳೆದರೆ ಆ ಕದಲಾಟವೂ ದೊಡ್ಡದಾಗುತ್ತದೆ. ದುಡ್ಡು ಕೊಟ್ಟು ಕಾದ ಗಾಳಿಯನ್ನು ಹತ್ತಿರ ತಂದುಕೊಂಡ ಹಾಗೆ.

ಬೆಳಕಿನ ಲೆಕ್ಕವೂ ಇದೆ. ಎಫ್ ಸಂಖ್ಯೆ ದೊಡ್ಡದಾದಷ್ಟೂ ಲೆನ್ಸ್ ಒಳಗೆ ಬರುವ ಬೆಳಕು ಕಡಿಮೆ. ಪಿ900ರ ಲೆನ್ಸ್ ಪೂರ್ತಿ ಎಳೆದಾಗ ಎಫ್ 6.5. ಪಿ1000ದ್ದು ಪೂರ್ತಿ ಎಳೆದಾಗ ಎಫ್ 8. ಅಲ್ಲಿಗೆ ಸುಮಾರು ಮೂರರಲ್ಲಿ ಒಂದು ಪಾಲು ಬೆಳಕು ಕಡಿಮೆ. ಹಕ್ಕಿಗಳು ಚುರುಕಾಗಿರುವುದು ಬೆಳಗ್ಗೆ ಆರೂವರೆಗೆ, ಬೆಳಕು ಇಲ್ಲದಿರುವುದೂ ಆಗಲೇ. ಇನ್ನು ತೂಕ. ನನ್ನದು 899 ಗ್ರಾಂ. ಪಿ1000, 1415 ಗ್ರಾಂ. ಕುತ್ತಿಗೆ ನೋವು ಇರುವ ನನ್ನಂಥವರಿಗೆ ಆ ಅರ್ಧ ಕೆಜಿ ಸಣ್ಣ ಮಾತಲ್ಲ. ಚಂದ್ರನನ್ನು ಚೌಕಟ್ಟಿನ ಅಂಚು ಮುಟ್ಟುವಷ್ಟು ದೊಡ್ಡದಾಗಿ ತೆಗೆಯಬೇಕು ಅನ್ನುವವರಿಗೆ ಅದು ಸರಿಯಾದ ಕ್ಯಾಮೆರಾ. ನಾನು ನೋಡುವುದು ಹಕ್ಕಿ.

ಉಳಿದಿದ್ದು ಪಿ950. 2020ರಲ್ಲಿ ಬಂತು. ಇದರ ವಿವರಗಳ ಪಟ್ಟಿ ನೋಡಿದಾಗ ಮೊದಲು ಬೇಜಾರೇ ಆಯಿತು. ಅದೇ 83 ಪಟ್ಟು, ಅದೇ 2000 ಎಂಎಂ, ಅದೇ ಎಫ್ 6.5, ಅದೇ 16 ಮೆಗಾಪಿಕ್ಸೆಲ್, ಅದೇ ಅಳತೆಯ ಸೆನ್ಸರ್. ಸೆನ್ಸರ್ ಅಂದರೆ ಬೆಳಕನ್ನು ಹಿಡಿದು ಫೋಟೋ ಮಾಡುವ ಚಿಪ್. ಹೆಚ್ಚು ಕಡಿಮೆ 6 ಎಂಎಂ ಅಗಲ, ನಾಲ್ಕೂವರೆ ಎಂಎಂ ಎತ್ತರ. ಕಿರುಬೆರಳಿನ ಉಗುರಿಗಿಂತ ಚಿಕ್ಕದು. ಐದು ವರ್ಷ ಬಿಟ್ಟು ಬಂದ ಮಾಡೆಲ್ಲು, ಕಣ್ಣು ಮಾತ್ರ ಹಳೆಯದೇ. ಹಾಗಾದರೆ ಯಾಕೆ ಬದಲಾಯಿಸಬೇಕು, ಅಲ್ವಾ?

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಅವನೂ ಹಕ್ಕಿ ಹುಚ್ಚಿನವನು. ಈಗ ಲೆನ್ಸ್ ಬದಲಾಯಿಸುವ ಮಿರರ್‌ಲೆಸ್ ಕ್ಯಾಮೆರಾ ತಗೊಂಡು, ತನ್ನ ಪಿ950 ಮಾರಬೇಕು ಅಂತಿದ್ದ. "ಮಿಸ್, ಸುಮ್ನೆ ಪಟ್ಟಿ ಓದಬೇಡಿ. ಹದಿನೈದು ದಿನ ಇಟ್ಟುಕೊಂಡು ನೋಡಿ. ಬೇಡ ಅನ್ನಿಸಿದರೆ ವಾಪಸ್ ಕೊಡಿ" ಅಂದ. ಊರಿಗೆ ಬಂದಾಗ ಬ್ಯಾಗ್ ಸಮೇತ ತಂದುಕೊಟ್ಟ.

ಎರಡೂ ಕ್ಯಾಮೆರಾ ಹಿಡಿದುಕೊಂಡು ಕುಕ್ಕರಹಳ್ಳಿಗೆ ಹೋದೆ. ಒಣಮರದ ಮೇಲೆ ಹಾವಕ್ಕಿಯೊಂದು ರೆಕ್ಕೆ ಹರವಿಕೊಂಡು ಕೂತಿತ್ತು. ಅದು ಹಾಗೆ ಕೂತರೆ ಬೇಗ ಏಳುವುದಿಲ್ಲ, ಪರೀಕ್ಷೆಗೆ ಹೇಳಿ ಮಾಡಿಸಿದ ಹಕ್ಕಿ. ಒಂದು ಕ್ಯಾಮೆರಾದಲ್ಲಿ ಹತ್ತು, ಇನ್ನೊಂದರಲ್ಲಿ ಹತ್ತು. ಮನೆಗೆ ಬಂದು ಜೆಪೆಗ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಮಗಳಿಗೂ ತೋರಿಸಿದೆ. "ಯಾವುದು ಹೊಸದರದ್ದು ಹೇಳು" ಅಂದೆ. ಮೂರು ಸಲ ಹೇಳಿದಳು, ಎರಡು ಸಲ ತಪ್ಪು.

ವ್ಯತ್ಯಾಸ ಇರಲೇ ಇಲ್ಲ ಅಂತಲ್ಲ. ಪಿ900ದಲ್ಲಿ ರಾ ಫೈಲ್, ಅಂದರೆ ತಿದ್ದದ ಮೂಲ ಫೈಲ್, ಇಲ್ಲ. ಕ್ಯಾಮೆರಾ ತಾನೇ ತಿದ್ದಿ ಕೊಟ್ಟ ಜೆಪೆಗ್ ಅನ್ನೇ ತಗೊಳ್ಳಬೇಕು. ಪಿ950ಯಲ್ಲಿ ರಾ ಇದೆ. ಹಾವಕ್ಕಿಯ ಕಪ್ಪು ಬೆನ್ನಿನ ಮೇಲಿನ ಬಿಳಿ ಗೆರೆಗಳು ಜೆಪೆಗ್‌ನಲ್ಲಿ ಮೆತ್ತಿಕೊಂಡ ಹಾಗಿದ್ದವು. ರಾ ಫೈಲಿನಲ್ಲಿ ನೆರಳನ್ನು ಸ್ವಲ್ಪ ಎತ್ತಿದ ಮೇಲೆ ಗರಿಗರಿಯಾಗಿ ಬಿಡಿಸಿಕೊಂಡವು. ಆದರೆ ಒಂದೊಂದು ಫೋಟೋಗೂ ಕಂಪ್ಯೂಟರ್ ಮುಂದೆ ಕೂರಬೇಕು. ಪೇಪರ್ ತಿದ್ದುವ ಕಾಲದಲ್ಲಿ ನನಗೆ ಅಷ್ಟು ಪುರುಸೊತ್ತಿಲ್ಲ. 4ಕೆ ವಿಡಿಯೋ ಇದೆ, ಮೇಲೆ ಫ್ಲ್ಯಾಶ್ ಕೂರಿಸುವ ಜಾಗ ಇದೆ. ನನಗೆ ಎರಡೂ ಬೇಡ. ಗೂಡಿನಲ್ಲಿರುವ ಹಕ್ಕಿಗೆ ಫ್ಲ್ಯಾಶ್ ಹೊಡೆಯುವುದು ತಪ್ಪು ಅಂತ ನಾನು ಎಲ್ಲರಿಗೂ ಹೇಳುತ್ತಲೇ ಇರುತ್ತೇನೆ.

ಹೊಸದಕ್ಕೆ ಹೋದರೆ ಕಳೆದುಕೊಳ್ಳುವುದೂ ಇದೆ, ಇದನ್ನು ಯಾರೂ ಹೇಳುವುದಿಲ್ಲ. ಹಳೆಯದರಲ್ಲಿ ಜಿಪಿಎಸ್ ಇತ್ತು, ಫೋಟೋ ತೆಗೆದ ಜಾಗ ತಾನಾಗಿಯೇ ದಾಖಲಾಗುತ್ತಿತ್ತು. ಹಕ್ಕಿಗಳ ಲೆಕ್ಕ ಇಡುವವರಿಗೆ ಅದು ಬಹಳ ಉಪಯೋಗ. ಪಿ950ಯಲ್ಲಿ ಅದನ್ನು ತೆಗೆದಿದ್ದಾರೆ, ಮೊಬೈಲಿಗೆ ಜೋಡಿಸಿಕೊಂಡು ಜಾಗ ತಿಳಿಯಬೇಕು. ಕಂಪನಿ ಹೇಳುವ ಲೆಕ್ಕದಲ್ಲಿ ಪಿ900 ಒಂದು ಚಾರ್ಜಿಗೆ 360 ಫೋಟೋ, ಪಿ950 ಬರೀ 290. ಬ್ಯಾಟರಿಯೂ ಬೇರೆ, ಹಳೆಯ ಬ್ಯಾಟರಿ ಇದಕ್ಕೆ ಬರುವುದಿಲ್ಲ. ತೂಕ 1005 ಗ್ರಾಂ.

ಇಷ್ಟಾದ ಮೇಲೆ ವಾಪಸ್ ಕೊಡೋಣ ಅಂತಲೇ ತೀರ್ಮಾನಿಸಿದ್ದೆ. ಕೊನೆಯ ಭಾನುವಾರ ಲಿಂಗಾಂಬುಧಿಗೆ ಹೋದಾಗ ಅದು ಬದಲಾಯಿತು.

ಜೊಂಡಿನೊಳಗೆ ಏನೋ ಸಣ್ಣದು ಓಡಾಡುತ್ತಿತ್ತು. ಪಿ950ಯ ವ್ಯೂಫೈಂಡರ್‌ಗೆ, ಅಂದರೆ ಹಿಂಬದಿಯ ನೋಡುವ ಕಿಂಡಿಗೆ, ಕಣ್ಣಿಟ್ಟೆ. ಉಲಿಯಕ್ಕಿ. ಅದರ ಕಣ್ಣಿನ ಮೇಲಿನ ಮಸುಕು ಹುಬ್ಬು ಕಂಡಿತು. ಕೊಕ್ಕಿನಲ್ಲಿ ಹುಳು ಇದ್ದಿದ್ದು ಕಂಡಿತು. ಕನ್ನಡಕ ತೆಗೆಯದೆ ಕಂಡಿತು! ಆಮೇಲೆ ಹಳೆಯದನ್ನು ಎತ್ತಿ ಅದೇ ಜೊಂಡಿಗೆ ಹಿಡಿದೆ. ಕಂದು ಬಣ್ಣದ ಒಂದು ಚುಕ್ಕೆ ಅಲ್ಲಾಡುತ್ತಿತ್ತು, ಅಷ್ಟೇ.

ಆಗ ಹದಿನಾರು ಕೆರೆಯಲ್ಲಿ ಆಗಿದ್ದೇನು ಅಂತ ಅರ್ಥವಾಯಿತು. ಅವತ್ತು ಲೆನ್ಸ್ ತನ್ನ ಕೆಲಸ ಮಾಡಿತ್ತು. ಪಟ್ಟಿ ಫೋಟೋದಲ್ಲಿ ಇತ್ತಲ್ಲ! ಕಾಣದೇ ಹೋಗಿದ್ದು ನನಗೆ. ಕಂಡಿದ್ದರೆ ಹಕ್ಕಿ ಕುತ್ತಿಗೆ ತಿರುಗಿಸುವವರೆಗೆ ಕಾಯುತ್ತಿದ್ದೆ. ಪಿ900ರ ವ್ಯೂಫೈಂಡರ್ ಒಳಗಿನ ಪರದೆ 0.2 ಇಂಚಿನದು, ಸುಮಾರು 9.21 ಲಕ್ಷ ಚುಕ್ಕೆಗಳು. ಪಿ950ಯದು 0.39 ಇಂಚು, ಸುಮಾರು 23.6 ಲಕ್ಷ ಚುಕ್ಕೆಗಳು. ಕಾಗದದ ಮೇಲೆ ಇದನ್ನು ನಾನೂ ಓದಿದ್ದೆ, ಯಾವುದೋ ಒಂದು ಸಾಲು ಅಂತ ದಾಟಿ ಹೋಗಿದ್ದೆ. ತಗೊಂಡಾಗ ನನಗೆ ನಲವತ್ತಾರು, ಹಳೆಯದೇ ಸಾಕಾಗಿತ್ತು. ಈಗ ಐವತ್ತೈದು ದಾಟಿದೆ. ದೂರಕ್ಕೊಂದು ಹತ್ತಿರಕ್ಕೊಂದು ನಂಬರ್ ಇರುವ ಕನ್ನಡಕ ಬಂದಿದೆ. ಕ್ಯಾಮೆರಾ ಹಾಗೇ ಇದೆ, ನನ್ನ ಕಣ್ಣು ಬದಲಾಗಿದೆ.

ಹಿಂದಿನ ಪರದೆ ನೋಡಿ ತೆಗೆಯಬಹುದಲ್ಲ ಅಂತ ಕೇಳುತ್ತೀರಿ. ಬಿಸಿಲಲ್ಲಿ ಆ ಪರದೆ ಕಾಣುವುದಿಲ್ಲ. ಜೊತೆಗೆ ಕೈ ಮುಂದೆ ಚಾಚಿ ಹಿಡಿದರೆ 2000 ಎಂಎಂನಲ್ಲಿ ಹಕ್ಕಿ ಚೌಕಟ್ಟಿನಲ್ಲಿ ನಿಲ್ಲುವುದೇ ಇಲ್ಲ. ಎರಡು ಮೊಣಕೈ ಎದೆಗೆ ಒತ್ತಿಕೊಂಡು, ಹುಬ್ಬಿಗೆ ಕ್ಯಾಮೆರಾ ತಾಗಿಸಿದರೆ ಮಾತ್ರ ಅದು ನೆಟ್ಟಗೆ ನಿಲ್ಲುತ್ತದೆ.

ಹಾಗಾಗಿ ಪಿ950ಯನ್ನು ಇಟ್ಟುಕೊಂಡೆ. ಆ ಹಳೆಯ ವಿದ್ಯಾರ್ಥಿ "ಮಿಸ್, ನಿಮ್ಮ ಹತ್ತಿರ ದುಡ್ಡು ತಗೊಳ್ಳೋದಾ?" ಅಂತ ತುಂಬಾ ಹಿಂಜರಿದ. ನ್ಯಾಯವಾದ ಬೆಲೆ ಕೊಟ್ಟೇ ತಗೊಂಡೆ.

ಪಿ900 ಇರುವ ಗೆಳೆಯರು ಮೂರ್ನಾಲ್ಕು ಜನ ಇನ್‌ಬಾಕ್ಸ್‌ನಲ್ಲಿ ಕೇಳಿದ್ದರು, ಅವರಿಗೆ ನನ್ನ ಮಾತು ಇಷ್ಟು. ನಿಮ್ಮ ಕಣ್ಣು ಚೆನ್ನಾಗಿದ್ದರೆ, ರಾ ಫೈಲ್ ತಿದ್ದುವ ಅಭ್ಯಾಸ ಇಲ್ಲದಿದ್ದರೆ, ಇದಕ್ಕೆ ದುಡ್ಡು ಹಾಕಬೇಡಿ. ಫೋಟೋ ಬದಲಾಗುವುದಿಲ್ಲ. ಮುಂಜಾನೆಯ ಬೆಳಕಿನಲ್ಲಿ ಫೋಟೋ ನಿಜವಾಗಲೂ ಚೆನ್ನಾಗಿ ಬರಬೇಕು ಅಂದರೆ ದೊಡ್ಡ ಸೆನ್ಸರ್ ಬೇಕು. ಸೋನಿ ಆರ್‌ಎಕ್ಸ್10 ನಾಲ್ಕನೇ ಮಾಡೆಲ್‌ನ 'ಒಂದು ಇಂಚಿನ' ಅಂತ ಕರೆಯುವ ಸೆನ್ಸರ್ ವಿಸ್ತೀರ್ಣದಲ್ಲಿ ನಮ್ಮದರ ನಾಲ್ಕು ಪಟ್ಟು. ಆದರೆ ಲೆನ್ಸ್ 600 ಎಂಎಂಗೆ ನಿಲ್ಲುತ್ತದೆ, ಬೆಲೆಯೂ ಜಾಸ್ತಿ. ರಂಗನತಿಟ್ಟಿನ ದೋಣಿಯಲ್ಲಿ ಕೂತವರಿಗೆ 600 ಧಾರಾಳ ಸಾಕು. ಹದಿನಾರು ಕೆರೆಯ ಏರಿಯ ಮೇಲಿನಿಂದ ಸಾಲದು. ಯಾವುದನ್ನೇ ತಗೊಳ್ಳಿ, ಅಂಗಡಿಯ ಒಳಗೆ ನಿಂತು ತೀರ್ಮಾನ ಮಾಡಬೇಡಿ. ನೀವು ದಿನಾ ಹಾಕುವ ಕನ್ನಡಕ ಹಾಕಿಕೊಂಡು, ಹೊರಗೆ ಬಿಸಿಲಿಗೆ ಬಂದು, ವ್ಯೂಫೈಂಡರ್‌ಗೆ ಕಣ್ಣಿಟ್ಟು ನೋಡಿ.

ಹಳೆಯ ಕ್ಯಾಮೆರಾವನ್ನು ಮಾರಲಿಲ್ಲ. ನಮ್ಮ ಸ್ಕೂಲಿನ ಇಕೋ ಕ್ಲಬ್‌ಗೆ ಕೊಟ್ಟೆ, ಎರಡು ಬ್ಯಾಟರಿ, ಚಾರ್ಜರ್ ಸಮೇತ. ಮೊನ್ನೆ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಅದರ ಆ ಸಣ್ಣ ಕಿಂಡಿಗೆ ಕಣ್ಣಿಟ್ಟು ಮೈದಾನದಾಚೆಯ ಈಚಲು ಮರ ನೋಡುತ್ತಿದ್ದಳು. "ಮಿಸ್, ಗೀಜಗದ ಗೂಡು! ಒಂದು ಹಕ್ಕಿ ಬಾಯಲ್ಲಿ ಹುಲ್ಲು ಕಚ್ಚಿಕೊಂಡಿದೆ. ಹುಲ್ಲಿನ ತುದಿ ಸೀಳಿದೆ ನೋಡಿ" ಅಂದಳು. ನಾನು ಇಸ್ಕೊಂಡು ನೋಡಿದೆ. ನನಗೆ ಗೂಡು ಕಂಡಿತು. ಸೀಳಿದ ಹುಲ್ಲು ಅವಳಿಗೆ ಮಾತ್ರ ಕಾಣುತ್ತಿತ್ತು.