ಹೊಸ ಮನೆಗಳಿಗೆ ವೀಲ್‌ಚೇರ್ ದಾರಿ ಕಡ್ಡಾಯವಾಗಬೇಕೆ?

ಚಿಕ್ಕಮಗಳೂರು ಜಿಲ್ಲೆಯಲ್ಲಿ ಇನ್ನು ಮುಂದೆ ಕಟ್ಟುವ ಪ್ರತಿ ಮನೆಯ ನೆಲಮಹಡಿಯೂ ನಡೆಯಲಾರದವರಿಗೆ ಒಗ್ಗುವಂತಿರಬೇಕೆಂದು ಪರವಾನಗಿಯಲ್ಲೇ ಷರತ್ತು ಹಾಕಬೇಕೆ?

ಪರ: ಪಾಯ ಹಾಕುವ ಮೊದಲೇ ಆಗಬೇಕಾದ ಕೆಲಸ

ಊರಲ್ಲಿ ಈಗ ಏಳುತ್ತಿರುವ 30x40 ಸೈಟಿನ ಮನೆಗಳಲ್ಲಿ ಬಚ್ಚಲಿಗೆ ಇಡುವುದು ಎರಡೂವರೆ ಅಡಿ ಬಾಗಿಲು. ಅದು ಚೌಕಟ್ಟಿನ ಹೊರ ಅಳತೆ. ಎರಡೂ ಕಡೆಯ ಮರ ಕಳೆದು, ತೆರೆದು ನಿಂತ ಬಾಗಿಲಿನ ದಪ್ಪವನ್ನೂ ಕಳೆದರೆ ಒಳಹೋಗಲು ಸಿಗುವುದು 23-24 ಅಂಗುಲ. ಸಾಮಾನ್ಯ ವೀಲ್‌ಚೇರಿನ ಅಗಲ 25ರಿಂದ 27 ಅಂಗುಲ. ಸೊಂಟದ ಮೂಳೆ ಮುರಿದ ಅಜ್ಜಿಯನ್ನು ಆಸ್ಪತ್ರೆಯಿಂದ ಕರೆತಂದ ದಿನವೇ ಕುರ್ಚಿ ಬಚ್ಚಲ ಬಾಗಿಲಲ್ಲಿ ನಿಲ್ಲುತ್ತದೆ. ಅಲ್ಲಿಂದ ಮುಂದೆ ಇಬ್ಬರು ಎತ್ತಿಕೊಂಡು ಹೋಗಬೇಕು, ಅದೂ ದಿನಕ್ಕೆ ಎಷ್ಟು ಸಲವೋ. ಎತ್ತುವವರ ಬೆನ್ನುನೋವಿಗಿಂತ ಎತ್ತಿಸಿಕೊಳ್ಳುವವರ ಸಂಕೋಚ ದೊಡ್ಡದು. ಬಚ್ಚಲಿಗೆ ಹೋಗಬೇಕಾಗುತ್ತದೆಂದು ನೀರು ಕುಡಿಯುವುದನ್ನೇ ಕಡಿಮೆ ಮಾಡುವ ಹಿರಿಯರಿದ್ದಾರೆ.

ಆಮೇಲೆ ಸರಿಪಡಿಸಲು ಹೊರಟರೆ ಚೌಕಟ್ಟು ಕೀಳಬೇಕು, ಗೋಡೆ ಒಡೆಯಬೇಕು, ಬಾಗಿಲ ಮೇಲಿನ ಲಿಂಟಲ್ ತೊಲೆ ಸಾಲದಿದ್ದರೆ ಅದನ್ನೂ ಬದಲಿಸಬೇಕು. ಕಟ್ಟುವಾಗಲಾದರೆ ಬಡಗಿಗೆ ಮೂರೂವರೆ ಅಡಿ ಎಂದು ಅಳತೆ ಕೊಟ್ಟರೆ ಮುಗಿಯಿತು. ಆಗ ಓಡಾಟಕ್ಕೆ 35-36 ಅಂಗುಲ ಸಿಗುತ್ತದೆ. ವಿಕಲಚೇತನರಿಗೆ ಒಗ್ಗುವ ಕಟ್ಟಡಗಳಿಗಾಗಿ ಇರುವ ಕೇಂದ್ರ ಸರ್ಕಾರದ ಮಾರ್ಗಸೂಚಿ ಕೇಳುವ 900 ಮಿಲಿಮೀಟರ್ ಅಷ್ಟೇ. ಬಾಗಿಲು ಹೊರಗೆ ತೆರೆಯಬೇಕು. ಒಳಗೆ ತೆರೆಯುವಂತಿದ್ದು, ಯಾರಾದರೂ ಬಿದ್ದು ಬಾಗಿಲಿಗೇ ಅಡ್ಡವಾದರೆ ಹೊರಗಿನಿಂದ ತಳ್ಳಿ ತೆಗೆಯುವುದು ಕಷ್ಟ.

ಬಚ್ಚಲ ಒಳಗೆ ಕುರ್ಚಿ ತಿರುಗಲು ಐದಡಿ ಸುತ್ತಳತೆಯಲ್ಲ, ಐದಡಿ ವ್ಯಾಸದ ಜಾಗ ಬೇಕು. ನಾಲ್ಕು-ಏಳರ ಬಚ್ಚಲಲ್ಲಿ ಅದು ಆಗದು, ಆರು-ಎಂಟಾದರೆ ಆಗುತ್ತದೆ. ನೀರು ಕೋಣೆಗೆ ಹರಿಯದಿರಲೆಂದು ಬಚ್ಚಲ ನೆಲವನ್ನು ಒಂದೂವರೆ ಅಂಗುಲ ತಗ್ಗಿಸುವ ರೂಢಿ ನಮ್ಮಲ್ಲಿದೆ. ಎಡವುವುದು ಅಲ್ಲೇ. ಬಾಗಿಲ ಬಳಿ ಅರ್ಧ ಅಂಗುಲಕ್ಕಿಂತ ಹೆಚ್ಚು ಏರುತಗ್ಗಿಲ್ಲದೆ, ಅಲ್ಲಿಂದ ದೂರದ ಮೂಲೆಯ ಜಾಲರಿಯವರೆಗೆ ಐವತ್ತು ಅಂಗುಲಕ್ಕೆ ಒಂದಂಗುಲ ಇಳಿಯುವ ವಾಟ ಕೊಟ್ಟರೆ ನೀರು ತಾನಾಗಿ ಅತ್ತ ಹೋಗುತ್ತದೆ. ಇದು ಟೈಲ್ಸ್ ಹಾಕುವವರ ಕೈಲಿಲ್ಲ. ಪೈಪುಗಳಿಗಾಗಿ ತಗ್ಗಿಸುವ ಸ್ಲ್ಯಾಬಿನ ಆಳದಲ್ಲೇ ತೀರ್ಮಾನವಾಗುವ ಸಂಗತಿ, ಹಾಗಾಗಿ ನಕ್ಷೆಯಲ್ಲೇ ಇರಬೇಕು.

ಹಿಡಿಕೆ ರಾಡಿನ ಕಥೆಯೂ ಇದೇ. ನಾಲ್ಕಂಗುಲದ ಟೊಳ್ಳು ಬ್ಲಾಕಿಗೆ ಬೋಲ್ಟ್ ಹೊಡೆದು ರಾಡು ಹಾಕಿದರೆ ಮನುಷ್ಯನ ಭಾರ ಬಿದ್ದೊಡನೆ ಕಿತ್ತು ಬರುತ್ತದೆ. ರಾಡಿಲ್ಲದ ಗೋಡೆಗಿಂತ ಅದು ಅಪಾಯ, ಏಕೆಂದರೆ ಅದನ್ನು ನಂಬಿ ಕೈ ಹಾಕಿರುತ್ತಾರೆ. ಕಮೋಡಿನ ಪಕ್ಕದ ಗೋಡೆಯನ್ನು ಆರಂಗುಲದ ಗಟ್ಟಿ ಬ್ಲಾಕಿನಲ್ಲಿ ಕಟ್ಟಬೇಕು, ಇಲ್ಲವೇ ಎರಡರಿಂದ ಮೂರಡಿ ಎತ್ತರದ ವರಸೆಗಳ ತೂತಿಗೆ ಕಾಂಕ್ರೀಟ್ ತುಂಬಬೇಕು. ರಾಡನ್ನು ಇಂದೇ ಹಾಕಬೇಕೆಂದಿಲ್ಲ. ಹಾಕುವ ದಿನ ಗೋಡೆ ತಡೆದರೆ ಸಾಕು.

ಇನ್ನು ಹೊರಗಿನ ದಾರಿ. ಕಾರು ನಿಲ್ಲುವ ಪೋರ್ಟಿಕೊದ ನೆಲವನ್ನು ಹಜಾರಕ್ಕಿಂತ ಆರಂಗುಲ ಮಾತ್ರ ಕೆಳಗಿಟ್ಟರೆ ಆರಡಿ ಉದ್ದದ ಇಳಿಜಾರು ಸಾಕಾಗುತ್ತದೆ, ಅದೂ ಸೂರಿನ ಕೆಳಗೆ. ಹೊಸ್ತಿಲಿಗೆ ಪೂಜೆ ಮಾಡುವವರು ಅರ್ಧ ಅಂಗುಲ ಎತ್ತರದ, ಅಂಚು ಸವರಿದ ಹೊಸ್ತಿಲಿಟ್ಟು ಅರಿಶಿನ ಕುಂಕುಮ ಹಚ್ಚಬಹುದು.

ಮಾಲೀಕರು ಮೇಲೆ, ಬಾಡಿಗೆಯವರು ಕೆಳಗೆ ಎಂಬ ಲೆಕ್ಕದಲ್ಲಿ ಕಟ್ಟಿದ ಮನೆಗಳಲ್ಲಿ ಮಂಡಿ ಹೋದವರು ಹದಿನೇಳು ಮೆಟ್ಟಿಲ ಮೇಲೆ ಉಳಿದುಬಿಡುತ್ತಾರೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಗಮನ ಸಾರ್ವಜನಿಕ ಕಟ್ಟಡಗಳ ಕಡೆಗೆ. ಬ್ರಿಟನ್ನಿನ ಇಂಗ್ಲೆಂಡ್, ವೇಲ್ಸ್‌ಗಳಲ್ಲಿ 1999ರಿಂದ ಹೊಸ ವಾಸದ ಮನೆಗಳಿಗೂ ಇಂಥ ನಿಯಮವಿದೆ. ಸ್ವಇಚ್ಛೆಗೆ ಬಿಟ್ಟರೆ ಯಾರೂ ಮಾಡುವುದಿಲ್ಲ. ಮನೆ ಕಟ್ಟುವ ವಯಸ್ಸಿನಲ್ಲಿ ಎಲ್ಲರ ಕಾಲೂ ಗಟ್ಟಿಯಾಗಿರುತ್ತವೆ.

ವಿರೋಧ: ಕಡೂರಿಗೂ ಶೃಂಗೇರಿಗೂ ಒಂದೇ ನಿಯಮ ಬೇಡ

ಬಾಗಿಲು ಅಗಲವಾಗಲಿ, ಬಚ್ಚಲ ಗೋಡೆ ಗಟ್ಟಿಯಾಗಲಿ. ಅದಕ್ಕೆ ತಕರಾರಿಲ್ಲ. ಆಕ್ಷೇಪ ಇರುವುದು ಹೊರಗಿನ ದಾರಿಯನ್ನು ಕಡ್ಡಾಯ ಮಾಡುವುದಕ್ಕೆ.

ಮಲೆನಾಡಿನ ಕಡೆ ಪಾಯವನ್ನು ಎರಡೂವರೆ ಅಡಿ ಎತ್ತರಿಸುವುದು ಅಂದಕ್ಕಲ್ಲ. ಸೂರಿನ ನೀರು ಸಿಡಿದು ಗೋಡೆ ನೆನೆಯಬಾರದು, ಥಂಡಿ ಮೇಲೇರಬಾರದು, ಹಾವು ಚೇಳು ಒಳಬರಬಾರದು. ಪೇಟೆಯಲ್ಲಾದರೆ ಡಾಂಬರಿನ ಮೇಲೆ ಡಾಂಬರು ಹಾಕಿ ರಸ್ತೆ ಏರುತ್ತಲೇ ಹೋಗುವುದರಿಂದ ಚರಂಡಿ ಉಕ್ಕಿದಾಗ ನೀರು ತಗ್ಗಿನ ಮನೆಗೆ ನುಗ್ಗುತ್ತದೆ. ಈಗ ಹನ್ನೆರಡಕ್ಕೆ ಒಂದರ, ಅಂದರೆ ಒಂದಡಿ ಏರಲು ಹನ್ನೆರಡಡಿ ಉದ್ದದ ಇಳಿಜಾರು ಬೇಕೆಂಬ ಲೆಕ್ಕ ಹಾಕಿ. ಎರಡೂವರೆ ಅಡಿ ಎತ್ತರಕ್ಕೆ 30 ಅಡಿ ರ‍್ಯಾಂಪ್, ಮೇಲೊಂದು ಕೆಳಗೊಂದು ಐದಡಿ ಸಮತಟ್ಟು, ಒಟ್ಟು 40 ಅಡಿ. ಸೈಟಿನ ಉದ್ದವೇ ಅಷ್ಟು! ನಾಲ್ಕಡಿ ಅಗಲ ಹಿಡಿದರೂ 160 ಚದರಡಿ, ಅಂದರೆ 1200 ಚದರಡಿ ಸೈಟಿನ ಎಂಟನೇ ಒಂದು ಪಾಲಿಗಿಂತ ಹೆಚ್ಚು.

ಜಾಗವಿಲ್ಲದವರು ಏನು ಮಾಡುತ್ತಾರೆ? ನಕ್ಷೆಯಲ್ಲಿ ಒಂದು ಗೆರೆ ಎಳೆದು ತೋರಿಸುತ್ತಾರೆ, ಕಟ್ಟುವಾಗ ಹತ್ತಡಿಯಲ್ಲೇ ಮುಗಿಸುತ್ತಾರೆ. ನಾಲ್ಕಕ್ಕೆ ಒಂದರ ಆ ಇಳಿಜಾರಿನಲ್ಲಿ ವೀಲ್‌ಚೇರ್ ಏರುವಾಗ ಹಿಂದಕ್ಕೆ ಮಗುಚುತ್ತದೆ, ಇಳಿಯುವಾಗ ಹಿಡಿದವರನ್ನೇ ಎಳೆದೊಯ್ಯುತ್ತದೆ. ಪೋರ್ಟಿಕೊ ಎತ್ತರಿಸುವ ಉಪಾಯದಲ್ಲೂ ಇದೇ ತೊಡಕು: ಉಳಿದ ಎರಡಡಿ ಎತ್ತರ ಗೇಟಿನ ಬಳಿಗೆ ಹೋಯಿತು, ಕರಗಲಿಲ್ಲ. ಕಾರಿರುವವರು ಹೊರಗೆ ಹೋದಾರು. ತಾವೇ ಕುರ್ಚಿ ತಳ್ಳಿಕೊಂಡು ಬೀದಿಯ ಅಂಗಡಿಗೆ ಹೋಗಬೇಕೆನ್ನುವವರು ಗೇಟಿನೊಳಗೇ ಉಳಿದರು.

ಬ್ರಿಟನ್ನಿನ ಮಳೆ ಬೇರೆ, ಮೂಡಿಗೆರೆ ಕೊಪ್ಪದ ಜುಲೈ ಮಳೆ ಬೇರೆ. ಬಯಲಲ್ಲಿರುವ ಸಿಮೆಂಟ್ ಇಳಿಜಾರಿನ ಮೇಲೆ ಮಳೆಗಾಲದಲ್ಲಿ ಬೇಗ ಪಾಚಿ ಕಟ್ಟುತ್ತದೆ. ಕಸಬರಿಗೆಯಿಂದ ಗೀರು ಎಳೆದ ಒರಟು ಮೈ ಇದ್ದರೂ ಉಜ್ಜಿ ತೊಳೆಯದೆ ಬಿಡುವಂತಿಲ್ಲ. ರ‍್ಯಾಂಪಿನೊಳಗೆ ತುಂಬಿದ ಮಣ್ಣನ್ನು ಆರಾರು ಅಂಗುಲಕ್ಕೊಮ್ಮೆ ನೀರು ಹಾಕಿ ದಮ್ಮಸ್ಸು ಮಾಡದಿದ್ದರೆ ಒಂದೆರಡು ಮಳೆಗಾಲದಲ್ಲಿ ಅದು ಕುಸಿದು, ಮನೆ ಸೇರುವ ಜಾಗದಲ್ಲಿ ಅಂಗುಲದ ಮೆಟ್ಟಿಲೊಂದು ಹುಟ್ಟಿಕೊಳ್ಳುತ್ತದೆ. ಗೋಡೆಗೆ ತಾಗಿಸಿ ಮಣ್ಣು ತುಂಬಿದರೆ ಥಂಡಿ ತಡೆಯಲು ಹಾಕಿದ ಪದರವನ್ನು ದಾಟಿ ತೇವ ಗೋಡೆಗೇರುತ್ತದೆ.

ಇಳಿಜಾರು ಸೈಟುಗಳಲ್ಲಿ ಮಟ್ಟದ ದಾರಿಗೆಂದು ಧರೆ ಕಡಿದರೆ ಅದು ಮಳೆಗೆ ಜರಿಯುತ್ತದೆ, ತಡೆಗೋಡೆಯ ಖರ್ಚು ಬೇರೆ. ಮಳೆ ಕಡಿಮೆಯಿರುವ, ಸಮತಟ್ಟಾದ ಕಡೂರಿನ ಬಯಲಿಗೆ ಸುಲಭವಾದದ್ದು ಇಲ್ಲಿ ಅಪಾಯ.

ಮುಖ್ಯ ಮಾತೊಂದಿದೆ. ನಡೆಯಲು ಕಷ್ಟಪಡುವವರೆಲ್ಲ ವೀಲ್‌ಚೇರಿನಲ್ಲಿಲ್ಲ. ಮಂಡಿ ಸವೆದು ಕೋಲು ಹಿಡಿದು ನಡೆಯುವ ಹಲವರಿಗೆ 30 ಅಡಿ ಇಳಿಜಾರಿಗಿಂತ ಹಿಡಿದುಕೊಳ್ಳಲು ಕಂಬಿ ಇರುವ ಐದು ಒಳ್ಳೆಯ ಮೆಟ್ಟಿಲೇ ಹಗುರ. ಆರಂಗುಲ ಎತ್ತರ, ಒಂದಡಿ ಅಗಲ, ಎರಡೂ ಕಡೆ ಮೂರಡಿ ಎತ್ತರದ ಕಂಬಿ. ನಮ್ಮ ಮನೆಗಳಲ್ಲಿ ಇದೇ ಇಲ್ಲ. ಬೆಸ ಸಂಖ್ಯೆ ಬರಲಿ ಎಂದು ಕೊನೆಯ ಮೆಟ್ಟಿಲನ್ನು ಮೂರಂಗುಲಕ್ಕೆ ಇಳಿಸುತ್ತಾರೆ, ಕಾಲು ಅಂದಾಜು ತಪ್ಪುತ್ತದೆ. ಮೇಲೆ ಪಾಲಿಶ್ ಗ್ರಾನೈಟ್ ಬೇರೆ.

ನಿಯಮ ಬೇಕೇಬೇಕೆಂದರೆ ಹೊರಗೆ ಜಾಗ ಕಾದಿರಿಸಲು ಹೇಳಲಿ. ಸೈಟಿನ ಒಂದು ಪಕ್ಕದಲ್ಲಿ ನಾಲ್ಕಡಿ ಖಾಲಿ ಬಿಟ್ಟು, ಅಲ್ಲಿ ಸಂಪು, ಚೇಂಬರು, ಹೊರಮೆಟ್ಟಿಲು ಬಾರದಂತೆ ನೋಡಿಕೊಂಡು, ಆ ಓಣಿಯ ಕೊನೆಗೆ ಹಿತ್ತಲ ಬಾಗಿಲನ್ನು ಮೂರೂವರೆ ಅಡಿ ಇಟ್ಟರೆ ಬೇಕಾದ ವರ್ಷ ಕಬ್ಬಿಣದ ಚೌಕಟ್ಟಿನ ರ‍್ಯಾಂಪನ್ನು ಗೋಡೆಗೆ ತಾಗದಂತೆ ಕೂರಿಸಬಹುದು, ಬೇಡವಾದಾಗ ಬಿಚ್ಚಬಹುದು.